‘ಏನಿಲ್ಲ, ಹೋಗಿ’ ಅನ್ನೋದನ್ನ ಬಿಟ್ಟೆ

ಶಿಡ್ಲಘಟ್ಟದಲ್ಲಿ ಮಕ್ಕಳ ಕ್ಲಿನಿಕ್ ತೆರೆದ ಮೊದಲ ವರ್ಷ. ಸಂಜೆ ಏಳು ಗಂಟೆಯಾಗಿತ್ತು, ಹೊರಗೆ ಬೆಂಚಿನ ಮೇಲೆ ಇನ್ನೂ ಹದಿನೈದು ಜನ. ಹತ್ತು ತಿಂಗಳ ಗಂಡು ಮಗುವನ್ನು ಎತ್ತಿಕೊಂಡು ಅಪ್ಪ ಅಮ್ಮ ಒಳಗೆ ಬಂದರು. ರಾತ್ರಿ ಮಲಗೋ ಮುಂಚೆ ಮಗು ಮಂಡಿಯೂರಿ ಮುಂದಕ್ಕೂ ಹಿಂದಕ್ಕೂ ಓಲಾಡುತ್ತಂತೆ. ಆಮೇಲೆ ಮಂಚದ ತಲೆಹಲಗೆಗೆ ಹಣೆ ಕುಟ್ಟಿಕೊಳ್ಳುತ್ತಂತೆ. ನಾನು ನೆತ್ತಿ ಮುಟ್ಟಿ ನೋಡಿದೆ, ತೂಕ ನೋಡಿದೆ, ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಎಲ್ಲ ಸರಿಯಾಗಿತ್ತು. ‘ಏನಿಲ್ಲ, ಹೋಗಿ. ತಾನಾಗೇ ಬಿಡುತ್ತೆ’ ಅಂದೆ. ಎರಡು ನಿಮಿಷದ ಕೆಲಸ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎರಡು ವಾರ ಬಿಟ್ಟು ಅದೇ ಮಗು ಜ್ವರ ಅಂತ ಬಂತು. ಅಂಗಿ ಎತ್ತಿದರೆ ಹೊಕ್ಕುಳ ಪಕ್ಕದಲ್ಲಿ ಬಳೆಚೂರಿನಷ್ಟು ಉದ್ದದ ಎರಡು ಸುಟ್ಟ ಗಾಯ. ಒಂದು ಕೀವು ಕಟ್ಟಿತ್ತು. ಯಾರದೋ ಮಾತು ಕೇಳಿ ಬರೆ ಹಾಕಿಸಿದ್ದರು. ನನಗೆ ಸಿಟ್ಟು ಬಂತು, ಜೋರಾಗಿಯೇ ಬೈದೆ. ಆ ತಾಯಿ ತಲೆ ತಗ್ಗಿಸಿಕೊಂಡೇ ಹೇಳಿದಳು: ‘ನೀವು ಏನಿಲ್ಲ ಅಂದ್ರಿ ಮೇಡಂ. ಮನೆಗೆ ಹೋದ್ರೆ ಅವತ್ತು ರಾತ್ರೀನೂ ಕುಟ್ಕೊಂಡ. ಕಣ್ಮುಂದೆ ಅಷ್ಟು ಜೋರಾಗಿ ಕುಟ್ಕೋತಾ ಇದ್ರೆ ಏನಿಲ್ಲ ಅಂತ ಹೆಂಗೆ ನಂಬೋದು?’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ನೋಡಿದ್ದನ್ನು ನಾನು ನೋಡೇ ಇರಲಿಲ್ಲ. ಕಾಯಿಲೆ ಇಲ್ಲ ಅನ್ನೋದು ನನ್ನ ಮಾತಿನ ಅರ್ಥ. ‘ನೀನು ಹೇಳ್ತಿರೋದು ಸುಳ್ಳು’ ಅನ್ನೋದು ಅವಳಿಗೆ ಕೇಳಿಸಿದ್ದು. ಗಾಯ ವಾಸಿಯಾಗೋಕೆ ಮೂರು ವಾರ ಹಿಡೀತು. ತಲೆ ಕುಟ್ಟೋದಂತೂ ಬರೆಗೂ ನಿಲ್ಲಲಿಲ್ಲ, ನನ್ನ ಬೈಗುಳಕ್ಕೂ ನಿಲ್ಲಲಿಲ್ಲ.

ಇಂಥ ಮಕ್ಕಳನ್ನು ನೋಡೋ ರೀತಿಯನ್ನೇ ಆಮೇಲೆ ಬದಲಾಯಿಸಿದೆ. ಅದು ಒಂದೇ ದಿನದಲ್ಲಿ ಆದದ್ದಲ್ಲ. ಈಗ ಹೇಗೆ ಮಾಡ್ತೀನಿ ಅಂತ ಹೇಳ್ತೀನಿ.

ತಲೆ ಕುಟ್ಟೋದು, ಓಲಾಡೋದು, ಮಲಗಿದಲ್ಲೇ ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸೋದು, ಕೈ ರೆಕ್ಕೆ ಥರ ಬಡಿಯೋದು, ಬೆರಳು ಚೀಪೋದು, ಕೂದಲು ಸುತ್ತಿಕೊಳ್ಳೋದು – ಇಂಥ ಯಾವ ದೂರು ಬಂದರೂ ಆ ಕುಟುಂಬವನ್ನು ಕೊನೆಗೆ ಉಳಿಸಿಕೊಳ್ತೀನಿ. ‘ಇನ್ನೊಂದು ಅರ್ಧ ಗಂಟೆ ಕೂತಿರಿ, ನಿಮ್ಮ ಹತ್ತಿರ ಜಾಸ್ತಿ ಮಾತಾಡಬೇಕು’ ಅಂತೀನಿ. ಊರಿಗೆ ಕೊನೇ ಬಸ್ ಯಾವಾಗ ಅಂತ ಮೊದಲೇ ಕೇಳ್ಕೊತೀನಿ, ಇಲ್ಲದಿದ್ದರೆ ಅವರ ಕಿವಿ ನನ್ನ ಕಡೆ ಇರಲ್ಲ. ಮಗುವನ್ನು ಪರೀಕ್ಷೆ ಮೇಜಿನ ಮೇಲೆ ಮಲಗಿಸಲ್ಲ. ಮೂಲೆಯಲ್ಲಿ ಒಂದು ಚಾಪೆ ಇದೆ. ಅದರ ಮೇಲೆ ಒಂದು ಸ್ಟೀಲ್ ಡಬ್ಬಿ, ಅದರ ಮುಚ್ಚಳ, ನಾಲ್ಕು ಹಳೇ ಪ್ಲಾಸ್ಟಿಕ್ ಬಳೆ, ಒಂದು ರಬ್ಬರ್ ಚೆಂಡು. ನೂರು ರೂಪಾಯಿಯ ಸಾಮಾನೂ ಅಲ್ಲ. ಮಗುವನ್ನು ಅಲ್ಲಿ ಬಿಟ್ಟು ನಾನು ಅಪ್ಪ ಅಮ್ಮನ ಜೊತೆ ಮಾತಿಗೆ ಕೂರ್ತೀನಿ. ಕಣ್ಣು ಮಾತ್ರ ಚಾಪೆ ಕಡೆ.

ಡಬ್ಬಿಗೆ ಬಳೆ ಹಾಕಿ ಅಲ್ಲಾಡಿಸಿ ಸದ್ದು ಬಂದಾಗ ಮಗು ಅಮ್ಮನ ಮುಖ ನೋಡ್ತಾ? ಮುಚ್ಚಳ ಎತ್ತಿ ‘ನೋಡು’ ಅನ್ನೋ ಹಾಗೆ ತೋರಿಸ್ತಾ? ನಾನು ಹಿಂದಿನಿಂದ ಮೆತ್ತಗೆ ಹೆಸರು ಕರೆದರೆ ತಿರುಗ್ತಾ? ಗೋಡೆ ಮೇಲಿನ ಹಲ್ಲಿ ತೋರಿಸಿದರೆ ನನ್ನ ಬೆರಳನ್ನು ಬಿಟ್ಟು ಹಲ್ಲಿಯನ್ನು ನೋಡ್ತಾ? ಟಾಟಾ ಮಾಡು ಅಂದರೆ ಕೈ ಎತ್ತುತ್ತಾ? ಹತ್ತು ನಿಮಿಷದಲ್ಲಿ ಇಷ್ಟೂ ಸಿಕ್ಕಿಬಿಡುತ್ತೆ. ತಲೆ ಕುಟ್ಟೋ ಮಗುವಿನ ವಿಚಾರದಲ್ಲಿ ನನಗೆ ಬೇಕಾದ ಅರ್ಧ ಉತ್ತರ ತಲೆಯಲ್ಲಿ ಸಿಗಲ್ಲ, ಈ ಚಾಪೆಯ ಮೇಲೆ ಸಿಗುತ್ತೆ.

ಇನ್ನರ್ಧ ಮೊಬೈಲಿನಲ್ಲಿ. ಮೊದಲೆಲ್ಲ ಅಪ್ಪಂದಿರು ಕ್ಲಿನಿಕ್‌ನಲ್ಲೇ ನೆಲಕ್ಕೆ ಕೂತು ಮಗು ಹೇಗೆ ಓಲಾಡುತ್ತೆ ಅಂತ ನಟಿಸಿ ತೋರಿಸ್ತಿದ್ದರು. ಈಗ ವಿಡಿಯೊ ಬಂದಿದೆ, ದೊಡ್ಡ ಉಪಕಾರ. ಆದರೆ ಮೊದಲ ಸಲ ತರೋ ವಿಡಿಯೊ ಬಹಳ ಸಲ ಕೆಲಸಕ್ಕೆ ಬರಲ್ಲ. ಕತ್ತಲೆ ಅಂತ ಮಗುವಿನ ಮುಖಕ್ಕೆ ಟಾರ್ಚ್ ಬಿಟ್ಟಿರ್ತಾರೆ, ಮೂರು ಜನ ಸೇರಿ ‘ಚಿನ್ನೂ ಚಿನ್ನೂ’ ಅಂತ ಕೂಗ್ತಿರ್ತಾರೆ, ಎಂಟು ಸೆಕೆಂಡಿಗೆ ನಿಂತಿರುತ್ತೆ. ಅದಕ್ಕೆ ಈಗ ಬಿಡಿಸಿ ಹೇಳ್ತೀನಿ: ಶುರುವಾಗೋ ಮುಂಚಿನಿಂದ ಹಿಡೀರಿ, ಲೈಟ್ ಬೇಡ, ಸುಮ್ನೆ ಇರಿ, ಎರಡು ನಿಮಿಷ ಆದಮೇಲೆ ಒಬ್ಬರೇ ಒಂದು ಸಲ ಹೆಸರು ಕರೀರಿ, ಅದೂ ವಿಡಿಯೊದಲ್ಲಿ ಬರಲಿ. ಮಗು ತಿರುಗಿ ನೋಡ್ತಾ, ಒಂದು ಕ್ಷಣ ನಿಲ್ಲಿಸ್ತಾ ಅನ್ನೋದು ನನಗೆ ಮುಖ್ಯ.

ವಿಡಿಯೊವನ್ನು ನಾನೊಬ್ಬಳೇ ನೋಡಲ್ಲ, ಮೂವರೂ ಕೂತು ನೋಡ್ತೀವಿ. ಎಣಿಸ್ತೀವಿ ಕೂಡ. ಸಾಮಾನ್ಯವಾಗಿ ಸೆಕೆಂಡಿಗೆ ಒಂದು, ಹೆಚ್ಚೆಂದರೆ ಎರಡು ಸಲ, ಒಂದೇ ತಾಳದಲ್ಲಿ. ತೊಟ್ಟಿಲು ತೂಗೋ ಲೆಕ್ಕ. ‘ಎಷ್ಟು ಹೊತ್ತು ಮಾಡ್ತಾನೆ?’ ಅಂತ ಕೇಳಿದರೆ ‘ಗಂಟೆಗಟ್ಟಲೆ’ ಅನ್ನೋದೇ ಎಲ್ಲರ ಉತ್ತರ. ಗಡಿಯಾರ ನೋಡಿ ಬರ್ಕೊಂಡು ಬನ್ನಿ ಅಂದರೆ ಹತ್ತು ನಿಮಿಷ, ಹನ್ನೆರಡು ನಿಮಿಷ ಅಂತ ಬರುತ್ತೆ. ರಾತ್ರಿ ಹೊತ್ತಲ್ಲಿ ಮಗುವಿನ ತಲೆ ಗೋಡೆಗೆ ಬಡಿಯೋ ಸದ್ದು ಕೇಳ್ತಾ ಮಲಗಿದವರಿಗೆ ಹತ್ತು ನಿಮಿಷ ಗಂಟೆಯೇ. ಅವರು ಸುಳ್ಳು ಹೇಳ್ತಿಲ್ಲ.

ಧೈರ್ಯ ಹೇಳೋ ಮಾತು ಶುರುವಾಗೋದು ಇಲ್ಲಿಂದ. ಒಂಬತ್ತು ತಿಂಗಳ ಆಸುಪಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಓಲಾಡೋದೋ, ತಲೆ ಹೊರಳಿಸೋದೋ, ತಲೆ ಕುಟ್ಟೋದೋ ಯಾವುದಾದರೂ ಒಂದನ್ನು ಮಾಡ್ತಾವೆ. ತಲೆ ಕುಟ್ಟೋ ಮಕ್ಕಳೇ ಸುಮಾರು ಐದಕ್ಕೊಂದು. ಗಂಡು ಮಕ್ಕಳಲ್ಲಿ ಜಾಸ್ತಿ. ಬಹುಪಾಲು ಮಕ್ಕಳು ಮೂರು ನಾಲ್ಕು ವರ್ಷದೊಳಗೆ ಬಿಡ್ತಾವೆ, ಐದು ವರ್ಷದ ಹೊತ್ತಿಗೆ ನೂರರಲ್ಲಿ ಐದರ ಆಸುಪಾಸು ಉಳೀತಾವೆ. ಉಳಿದಂತೆ ಆರೋಗ್ಯವಾಗಿರೋ ಮಗು ಹೀಗೆ ಕುಟ್ಟಿಕೊಂಡು ಮೆದುಳಿಗೆ ಪೆಟ್ಟು ಮಾಡಿಕೊಳ್ಳಲ್ಲ. ಹಣೆ ಕೆಂಪಾಗಬಹುದು, ಕಂದಬಹುದು. ನೋವಾಗೋಷ್ಟು ಜೋರಾದರೆ ತಾನೇ ನಿಲ್ಲಿಸುತ್ತೆ.

ಆದರೆ ಈ ಲೆಕ್ಕದಿಂದ ಯಾರ ಮುಖವೂ ಸಡಿಲವಾಗೋದನ್ನು ನಾನು ಕಂಡಿಲ್ಲ. ಸಡಿಲವಾಗೋದು ಬೇರೆ ಒಂದು ಮಾತಿಗೆ. ನಮ್ಮ ಕ್ಲಿನಿಕ್‌ನಲ್ಲಿ ನಿಂತಿರೋ ಅಮ್ಮಂದಿರನ್ನು ಗಮನಿಸಿದ್ದೀನಿ. ಮಗು ಸೊಂಟದ ಮೇಲಿದ್ದಾಗ ಎಡಗಾಲಿಂದ ಬಲಗಾಲಿಗೆ ಭಾರ ಹಾಕ್ತಾ ಓಲಾಡ್ತಿರ್ತಾರೆ. ಮಗು ಚಾಪೆ ಮೇಲೆ ಆಡ್ತಿದ್ದರೂ, ಕೈ ಖಾಲಿ ಇದ್ದರೂ, ಓಲಾಟ ನಿಂತಿರಲ್ಲ. ‘ಏನಮ್ಮ, ಪಾಪು ಕೆಳಗಿದೆ, ನೀನು ಯಾರನ್ನ ತೂಗ್ತಿದ್ದೀಯ?’ ಅಂದರೆ ನಕ್ಕು ನಿಲ್ಲಿಸ್ತಾರೆ. ಎರಡು ನಿಮಿಷಕ್ಕೆ ಮತ್ತೆ ಶುರು. ಕುರ್ಚಿಯಲ್ಲಿ ಕೂತ ಅಪ್ಪನ ಮಂಡಿ ಆಗಲೇ ಗಡಗಡ ಅಲ್ಲಾಡ್ತಿರುತ್ತೆ. ಕಾಲು ಅಲ್ಲಾಡಿಸಿದರೆ ದರಿದ್ರ ಅಂತ ಅಜ್ಜಿ ಬೈದಿರ್ತಾರೆ, ಆದರೂ ಬಿಟ್ಟಿರಲ್ಲ. ‘ಯಾಕಪ್ಪ ಅಲ್ಲಾಡಿಸ್ತೀಯ?’ ಅಂದರೆ ಅವನಿಗೇ ಗೊತ್ತಿಲ್ಲ. ಹೊಟ್ಟೆಯಲ್ಲಿದ್ದಾಗ ಅಮ್ಮ ನಡೆದ ಹಾಗೆಲ್ಲ ಮಗು ತೂಗಿದೆ. ಹುಟ್ಟಿದ ಮೇಲೆ ಜೋಲಿಯಲ್ಲಿ ತೂಗಿದ್ದೀವಿ, ಕಾಲು ಚಾಚಿ ಮಲಗಿಸಿಕೊಂಡು ತೂಗಿದ್ದೀವಿ. ಕಿವಿಯ ಒಳಗಡೆ ಮೈ ತೂಕ ಹಿಡಿಯೋ ಒಂದು ಸಣ್ಣ ಅಂಗ ಇದೆ, ಒಂದೇ ತಾಳದ ಚಲನೆ ಅದಕ್ಕೆ ಸಿಕ್ಕರೆ ಮೈಗೆ ಸಮಾಧಾನ. ಮಗು ಈಗ ಮಂಡಿಯೂರೋಕೆ ಕಲಿತಿದೆ, ನಮ್ಮ ಸಹಾಯ ಇಲ್ಲದೆ ತನ್ನನ್ನು ತಾನೇ ತೂಗಿಕೊಳ್ತಿದೆ.

ಇದರಲ್ಲಿ ನನ್ನದೊಂದು ಊಹೆಯೂ ಇದೆ, ಪುಸ್ತಕದಲ್ಲಿ ಓದಿದ್ದಲ್ಲ. ನಮ್ಮ ಕಡೆ ಎಂಟು ಒಂಬತ್ತು ತಿಂಗಳಿಗೆ ಮಗು ಜೋಲಿಯಲ್ಲಿ ಎದ್ದು ಕೂರೋಕೆ ನೋಡುತ್ತೆ, ಬಿದ್ದೀತು ಅಂತ ಜೋಲಿ ಬಿಚ್ಚಿಬಿಡ್ತಾರೆ. ಓಲಾಡೋ ದೂರು ಬರೋದೂ ಹೆಚ್ಚಾಗಿ ಅದೇ ತಿಂಗಳಲ್ಲಿ. ಜೋಲಿ ಯಾವಾಗ ಬಿಚ್ಚಿದಿರಿ ಅಂತ ಈಗ ತಪ್ಪದೆ ಕೇಳ್ತೀನಿ.

ದಿಬ್ಬೂರಹಳ್ಳಿ ಕಡೆಯ ಒಂದು ಕುಟುಂಬದ ವಿಷಯ ಹೇಳಬೇಕು. ರೇಷ್ಮೆ ಬೆಳೆಯೋರು. ಹದಿಮೂರು ತಿಂಗಳ ಹುಡುಗ. ಅಪ್ಪ, ಅಮ್ಮ, ಅಜ್ಜಿ ಮೂವರೂ ಬಂದಿದ್ದರು. ಗೋಡೆಗೆ ತಲೆ ಕುಟ್ಟಿಕೊಳ್ತಾನೆ ಅಂತ. ಚಾಪೆಯ ಮೇಲೆ ಹುಡುಗ ಅಚ್ಚುಕಟ್ಟಾಗಿದ್ದ. ಚೆಂಡನ್ನು ನನ್ನ ಕಾಲಿಗೆ ಉರುಳಿಸಿ ವಾಪಸ್ ಕೊಡು ಅಂತ ಕೈ ಚಾಚಿದ. ಮುಚ್ಚಳ ಬಿದ್ದು ಸದ್ದಾದಾಗ ಅಜ್ಜಿ ಮುಖ ನೋಡಿ ನಕ್ಕ. ವಿಡಿಯೊ ಹಾಕಿದೆವು. ಕತ್ತಲೆ ಕೋಣೆ, ಧಪ್ ಧಪ್ ಅಂತ ಗೋಡೆಯ ಸದ್ದು. ಅದರ ಹಿಂದೆ ಇನ್ನೊಂದು ಸದ್ದಿತ್ತು, ಸಣ್ಣಗೆ ಮಳೆ ಹನಿದ ಹಾಗೆ. ಅವತ್ತು ಮಳೆ ಇರಲಿಲ್ಲ. ಈ ತಾಲ್ಲೂಕಿನಲ್ಲಿ ಇದ್ದವರಿಗೆ ಆ ಸದ್ದು ಗೊತ್ತಾಗುತ್ತೆ, ಹುಳು ಸೊಪ್ಪು ತಿನ್ನೋ ಸದ್ದು.

‘ಹುಳು ಎಷ್ಟನೇ ಜ್ವರ ಆಗಿತ್ತು ಆಗ?’ ಅಂದೆ.

‘ನಾಲ್ಕನೇ ಜ್ವರ ಎದ್ದು ಮೂರು ದಿನ ಆಗಿತ್ತು ಮೇಡಂ’ ಅಂದ ಅಪ್ಪ.

ಹುಳು ಸಾಕದವರಿಗೆ ಒಂದು ಮಾತು: ಹುಳು ಪೊರೆ ಬಿಡೋದನ್ನು ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಗೂಡು ಕಟ್ಟೋವರೆಗಿನ ಏಳೆಂಟು ದಿನ ಮನೆಯವರಿಗೆ ನಿದ್ದೆ ಇಲ್ಲ. ಇಡೀ ಬೆಳೆಯಲ್ಲಿ ಹುಳು ತಿನ್ನೋ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಒಂದು ವಾರದಲ್ಲೇ ಹೋಗುತ್ತೆ. ಅಪ್ಪನ ಮೊಬೈಲಿನಲ್ಲಿ ಹಳೇ ವಿಡಿಯೊಗಳೂ ಇದ್ದವು. ತಾರೀಖು ನೋಡಿದೆವು. ಜೋರಾಗಿ ಕುಟ್ಟಿಕೊಂಡ ವಿಡಿಯೊ ಮೂರೂ ಬೆಳೆಯ ಕೊನೇ ವಾರದ್ದು. ಬೇರೆ ದಿನ ರಾತ್ರಿ ಎಂಟೂವರೆಗೆ ಅಜ್ಜಿ ಮಲಗಿಸ್ತಿದ್ದರು. ಆ ವಾರ ಅಜ್ಜಿಯೂ ಸೊಪ್ಪಿನ ಕೆಲಸಕ್ಕೆ ಹೋಗ್ತಿದ್ದರು. ಹುಡುಗನಿಗೆ ಹಾಲು ಕುಡಿಸಿ ಕೋಣೆಯಲ್ಲಿ ಮಲಗಿಸಿ ಬಾಗಿಲು ಮುಂದಕ್ಕೆ ಹಾಕಿ ಹೋಗ್ತಿದ್ದರು.

ಆ ತಾಯಿ ಅಳೋಕೆ ಶುರು ಮಾಡಿದಳು. ‘ನಾವೇ ಮಾಡಿದ್ವಾ ಮೇಡಂ ಇದನ್ನ?’ ಈ ಪ್ರಶ್ನೆ ಬರೋ ಹೊತ್ತು ನನಗೆ ಗೊತ್ತು, ಇದಕ್ಕೆ ಮಾತ್ರ ತಡ ಮಾಡಬಾರದು. ಇಲ್ಲಮ್ಮ, ಮಗು ಓಲಾಡೋದು ಅವನದೇ ಗುಣ, ನೀವು ಇಪ್ಪತ್ತನಾಲ್ಕು ಗಂಟೆ ಎತ್ತಿಕೊಂಡಿದ್ದರೂ ಮಾಡ್ತಿದ್ದ. ಸುಸ್ತು, ಒಂಟಿತನ ಜಾಸ್ತಿ ಆದ ದಿನ ಅದೂ ಜಾಸ್ತಿ ಆಗುತ್ತೆ, ಅಷ್ಟೇ ಅಂದೆ. ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಆಗ ಬಾಯಿ ಬಿಟ್ಟರು: ‘ಹುಳ ಗೂಡು ಕಟ್ಟೋವಾಗ ಎರಡು ದಿನ ಹಗಲೂ ರಾತ್ರಿ ತಲೆ ಆಡಿಸ್ತಾನೇ ಇರ್ತದೆ. ಬೇಡ ಅಂತೀವಾ? ಇದೂ ಹಂಗೇ ಏನೋ ಕಟ್ಕೋತಾ ಐತೆ ಬಿಡು.’ ಗೂಡು ಕಟ್ಟೋಕೆ ಹುಳು ಬಿಡೋ ತಟ್ಟೆಗೆ ಚಂದ್ರಿಕೆ ಅಂತಾರೆ, ಅದರ ಮೇಲೆ ಹುಳು ಎಂಟರ ಆಕಾರದಲ್ಲಿ ತಲೆ ತಿರುಗಿಸೋದನ್ನು ಆ ಮನೆಯವರು ಎಷ್ಟು ಸಾವಿರ ಸಲ ನೋಡಿದ್ದಾರೋ. ಸೊಸೆ ಮೂಗು ಒರೆಸಿಕೊಂಡು ನಕ್ಕಳು. ನಾನು ಅಷ್ಟು ಹೊತ್ತು ಹೇಳಿದ್ದಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು. ರೇಷ್ಮೆ ಮನೆಯವರು ಬಂದರೆ ಈಗ ನಾನೂ ಅಜ್ಜಿಯ ಮಾತನ್ನೇ ಹೇಳ್ತೀನಿ.

ಬೆಳೆ ಬಿಡಿ ಅನ್ನೋಕೆ ಆಗುತ್ತಾ? ಆಗಲ್ಲ. ಕೊನೇ ವಾರದಲ್ಲೂ ಎಂಟರಿಂದ ಎಂಟೂವರೆ ಅಜ್ಜಿಗೆ ಸೊಪ್ಪಿನ ಕೆಲಸ ಬೇಡ, ಮಗುವಿನದೇ ಕೆಲಸ ಅಂತ ಗೊತ್ತು ಮಾಡಿದೆವು. ದಿನಾ ಒಂದೇ ಕ್ರಮ: ಬಿಸಿನೀರಲ್ಲಿ ಕೈಕಾಲು ತೊಳೆಯೋದು, ಊಟ, ದೀಪ ಸಣ್ಣದು, ಕಾಲು ಚಾಚಿ ಕೂತು ಕಾಲ ಮೇಲೆ ಹಾಕ್ಕೊಂಡು ತೂಗೋದು. ಹಗಲಲ್ಲಿ ಹುಣಸೇಮರಕ್ಕೆ ಒಂದು ಉಯ್ಯಾಲೆ. ಹಾಸಿಗೆಯನ್ನು ಗೋಡೆಯಿಂದ ಎರಡು ಮೊಳ ಈಚೆಗೆ ಎಳೆಯೋದು. ಹಾಗಿದ್ದೂ ಅವನು ತೆವಳಿಕೊಂಡು ಗೋಡೆ ಹತ್ತಿರ ಹೋಗ್ತಾನೆ ಅಂತ ಅಪ್ಪ ಆ ಜಾಗಕ್ಕೆ ಗೋಣಿತಾಟು ಮಡಿಸಿ ಮೊಳೆ ಹೊಡೆದಿದ್ದ. ಮೊಳೆಯನ್ನು ಮಗುವಿನ ಕೈಗೆ ಸಿಗದಷ್ಟು ಮೇಲೆ ಹೊಡಿ ಅಂತ ಹೇಳಬೇಕಾಯ್ತು. ಇನ್ನೊಂದು: ಒಂದು ವರ್ಷದೊಳಗಿನ ಮಗುವಿನ ಸುತ್ತ ದಿಂಬು ಜೋಡಿಸಬೇಡಿ. ತಲೆಗೆ ಪೆಟ್ಟಾಗದಿರಲಿ ಅಂತ ನಾಲ್ಕೂ ಕಡೆ ದಿಂಬು ಒತ್ತಿರ್ತಾರೆ. ದಿಂಬಿಗೆ ಮೂಗು ಮುಚ್ಚಿಕೊಂಡು ಉಸಿರು ಕಟ್ಟೋ ಭಯ ನನಗೆ ಗೋಡೆಗಿಂತ ಜಾಸ್ತಿ.

ಓಡಿ ಬಂದು ಎತ್ತಿಕೊಳ್ಳೋದು, ಬೈಯೋದು, ‘ಅಯ್ಯೋ ಅಯ್ಯೋ’ ಅಂತ ಕೂಗೋದು, ಮೊಬೈಲ್ ಕೈಗೆ ಕೊಡೋದು, ನಾಲ್ಕೂ ಬೇಡ ಅಂದೆ. ಒಂದು ತಿಂಗಳಿಗೆ ಇಪ್ಪತ್ತು ನಿಮಿಷ ಇದ್ದದ್ದು ಐದಾರು ನಿಮಿಷಕ್ಕೆ ಇಳೀತು. ಪೂರ್ತಿ ನಿಂತಿದ್ದು ಎರಡು ವರ್ಷ ದಾಟಿದ ಮೇಲೆ. ನನ್ನಿಂದ ನಿಂತಿತು ಅಂತ ಹೇಳೋಕಾಗಲ್ಲ, ಅದರ ಕಾಲ ಬಂದಾಗ ನಿಂತಿತು.

ದೃಷ್ಟಿ ತೆಗೆಯೋದು, ಮುರುಗಮಲ್ಲ ದರ್ಗಾಕ್ಕೆ ಹೋಗೋದು, ತಾಯತ ಕಟ್ಟಿಸೋದು – ಇದಕ್ಕೆಲ್ಲ ನಾನು ಅಡ್ಡಿ ಮಾಡಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಅದರಿಂದ ನಿಮಗೆ ನಿದ್ದೆ ಬರೋದಾದರೆ ಒಳ್ಳೇದೇ. ಮಗುವಿನ ಮೈಗೆ ಬಿಸಿ ಸೋಕಬಾರದು, ಬಾಯಿಗೆ ಏನೂ ಹಾಕಬಾರದು, ಕುತ್ತಿಗೆಗೆ ಬಿಗಿಯಾಗಿ ದಾರ ಬೇಡ. ಈ ಮೂರೇ ನನ್ನ ಷರತ್ತು. ಇದನ್ನು ಬೈಯದೆ ಮೊದಲೇ ಹೇಳಿಬಿಟ್ಟರೆ ಕದ್ದು ಹೋಗಲ್ಲ.

ಬೆರಳು ಚೀಪೋದರ ವಿಷಯ ಚಿಕ್ಕದು, ಆದರೆ ಜಗಳ ಜಾಸ್ತಿ ಅದಕ್ಕೇ. ಹೊಟ್ಟೆಯೊಳಗೇ ಮಗು ಹೆಬ್ಬೆರಳು ಚೀಪೋದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತೆ. ಬಹಳ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವೇ ಬಿಡ್ತಾರೆ. ನಾಲ್ಕು ದಾಟಿಯೂ ಮುಂದುವರಿದರೆ ಹಲ್ಲಿನ ಸಾಲು ಕೆಡಬಹುದು, ಆಗ ದಂತವೈದ್ಯರನ್ನು ಕೇಳಿ. ಅಲ್ಲಿವರೆಗೆ ಬೇವಿನೆಣ್ಣೆ ಬೇಡ, ಮೆಣಸಿನಕಾಯಿಯಂತೂ ಬೇಡವೇ ಬೇಡ. ಖಾರ ಹಚ್ಚಿದ ಬೆರಳಲ್ಲಿ ಕಣ್ಣುಜ್ಜಿಕೊಂಡು ರೆಪ್ಪೆ ಊದಿ ಬಂದ ಮಕ್ಕಳನ್ನು ನೋಡಿದ್ದೀನಿ. ಖಾರಕ್ಕೆ ಹೆದರಿದ ಮಗುವಿಗೆ ಇನ್ನೂ ಸಮಾಧಾನ ಬೇಕಾಗುತ್ತೆ, ಸಮಾಧಾನ ಸಿಗೋದು ಬೆರಳಲ್ಲೇ. ಇದು ತಿರುಗಿ ತಿರುಗಿ ಅಲ್ಲಿಗೇ ಬರುತ್ತೆ.

ಅಮ್ಮನ ಹಳೇ ನೈಟಿಯ ತುಂಡು, ಅಮ್ಮನ ಕಿವಿಹಾಲೆ, ತಾಳಿ ಸರ – ಇವನ್ನು ಹಿಡ್ಕೊಂಡರೇ ನಿದ್ದೆ ಬರೋ ಮಕ್ಕಳೂ ಇದ್ದಾವೆ. ಡೊನಾಲ್ಡ್ ವಿನಿಕಾಟ್ ಅನ್ನೋ ಇಂಗ್ಲೆಂಡಿನ ಮಕ್ಕಳ ಡಾಕ್ಟರ್ 1950ರ ದಶಕದಲ್ಲೇ ಇಂಥ ಬಟ್ಟೆ, ಗೊಂಬೆಗಳ ಬಗ್ಗೆ ಬರೆದರು. ಅಮ್ಮ ಪಕ್ಕದಲ್ಲಿ ಇಲ್ಲದಾಗಲೂ ಅಮ್ಮನ ಸಮಾಧಾನವನ್ನು ಮಗು ಅದರಲ್ಲಿ ಹಿಡ್ಕೊಂಡಿರುತ್ತೆ ಅಂತ. ಒಬ್ಬ ತಾಯಿ ವಾಸನೆ ಬರುತ್ತೆ ಅಂತ ಆ ನೈಟಿ ತುಂಡನ್ನು ಸೋಪಲ್ಲಿ ನೆನೆಸಿಟ್ಟಿದ್ದಳು. ಅವತ್ತು ರಾತ್ರಿ ಎರಡರವರೆಗೆ ಮಗು ಅತ್ತಿದೆ. ಒದ್ದೆ ಬಟ್ಟೆಯನ್ನೇ ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿ ಕೊಟ್ಟರೂ ಬೇಡ ಅಂತು. ಅದಕ್ಕೆ ಬೇಕಾದ್ದು ಆ ವಾಸನೆ. ಎರಡು ತುಂಡು ಮಾಡಿಟ್ಟುಕೊಳ್ಳಿ, ಒಂದನ್ನು ಒಗೆಯೋಕೆ ಹಾಕಿದಾಗ ಇನ್ನೊಂದು ಕೊಡಿ ಅಂತ ಈಗ ಎಲ್ಲರಿಗೂ ಹೇಳ್ತೀನಿ.

ಇಷ್ಟೆಲ್ಲ ಓದಿ ‘ಹಾಗಾದ್ರೆ ಎಲ್ಲ ಸರಿ’ ಅಂತ ಯಾರೂ ವಿಡಿಯೊ ತೋರಿಸದೆ ಉಳಿಯಬಾರದು. ಧೈರ್ಯ ಹೇಳದೆ ಕಳಿಸಿದ ಮಕ್ಕಳೂ ಇದ್ದಾರೆ.

ಆರು ತಿಂಗಳ ಹೆಣ್ಣು ಮಗು. ‘ನಿದ್ದೆಯಿಂದ ಎದ್ದ ತಕ್ಷಣ ಬೆಚ್ಚಿ ಬೀಳ್ತಾಳೆ, ನಮಸ್ಕಾರ ಮಾಡಿದ ಹಾಗೆ ಬಾಗ್ತಾಳೆ’ ಅಂತ ಅಜ್ಜಿ ಹೇಳಿದರು. ನೋಡೋಕೆ ಮುದ್ದಾಗಿದೆ ಅಂತ ನೆಂಟರಿಗೆಲ್ಲ ವಿಡಿಯೊ ಕಳಿಸಿದ್ದರಂತೆ. ನಾನು ನೋಡಿದೆ. ಓಲಾಟದಲ್ಲಿ ತಾಳ ಇರುತ್ತೆ, ಇದರಲ್ಲಿ ಇರಲಿಲ್ಲ. ಗಕ್ಕನೆ ಎರಡೂ ಕೈ ಮೇಲೆದ್ದು ತಲೆ ಮುಂದಕ್ಕೆ ಬಾಗುತ್ತೆ, ಒಂದೆರಡು ಸೆಕೆಂಡ್. ಆಮೇಲೆ ಸುಮ್ಮನೆ. ಹತ್ತು ಸೆಕೆಂಡ್ ಬಿಟ್ಟು ಮತ್ತೆ. ಹೀಗೆ ಹದಿನೈದು ಇಪ್ಪತ್ತು ಸಲ, ಗುಂಪು ಗುಂಪಾಗಿ. ನಡುವೆ ಹೆಸರು ಕರೆದರೂ, ಮುಟ್ಟಿದರೂ ನಿಲ್ಲಲ್ಲ. ಕೊನೆಗೆ ಮಗು ಅಳುತ್ತೆ. ನಗ್ತಿದ್ದ ಮಗು ಎರಡು ವಾರದಿಂದ ಅಷ್ಟಾಗಿ ನಗ್ತಿಲ್ಲ ಅಂತ ತಾಯಿ ಆಮೇಲೆ ನೆನಪಿಸಿಕೊಂಡಳು. ಇದು ಒಂದು ಬಗೆಯ ಫಿಟ್ಸ್. ಇಂಗ್ಲೆಂಡಿನ ವಿಲಿಯಂ ವೆಸ್ಟ್ ಅನ್ನೋ ಡಾಕ್ಟರ್ 1841ರಲ್ಲಿ ತನ್ನ ಸ್ವಂತ ಮಗನಲ್ಲಿ ಇದನ್ನು ಕಂಡು ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಸಲಾಂ ಮಾಡೋ ಹಾಗೆ ಬಾಗುತ್ತೆ ಅಂತ ಆಗಲೇ ‘ಸಲಾಂ ಫಿಟ್ಸ್’ ಅನ್ನೋ ಹೆಸರು ಬಂತು. ಒಂದು ವರ್ಷದೊಳಗಿನ ಮಕ್ಕಳಲ್ಲೇ ಹೆಚ್ಚು. ಇದರಲ್ಲಿ ಕಾಯೋ ಮಾತೇ ಇಲ್ಲ, ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆ) ತೆಗೆದು ಬೇಗ ಔಷಧಿ ಶುರು ಮಾಡಿದಷ್ಟೂ ಮಗುವಿಗೆ ಒಳ್ಳೇದು. ಅವತ್ತೇ ನಿಮ್ಹಾನ್ಸ್‌ಗೆ ಬರೆದು ಕೊಟ್ಟು, ಬಸ್ ಬೇಡ, ಯಾರದಾದರೂ ಕಾರು ಸಿಗುತ್ತಾ ನೋಡಿ ಅಂದೆ. ತಾಳ ಇಲ್ಲದೆ, ಗುಂಪು ಗುಂಪಾಗಿ, ಎದ್ದ ಹೊತ್ತಿಗೆ. ಈ ಮೂರು ಮಾತು ನಮ್ಮ ನರ್ಸ್‌ಗೂ ಬಾಯಿಪಾಠ.

ಇನ್ನೊಂದು ನನ್ನದೇ ತಪ್ಪು. ಸುಮಾರು ಎರಡು ವರ್ಷದ ಹುಡುಗ, ಮುಚ್ಚಳ ಬುಗುರಿ ಥರ ತಿರುಗಿಸೋದು, ಓಲಾಡೋದು. ಮಾತಿರಲಿಲ್ಲ. ಹೆಸರು ಕರೆದರೆ ತಿರುಗ್ತಿರಲಿಲ್ಲ. ಬೇಕಾದ್ದನ್ನು ಬೆರಳಿಂದ ತೋರಿಸ್ತಿರಲಿಲ್ಲ, ಅಮ್ಮನ ಕೈಯನ್ನೇ ಹಿಡಿದು ಎಳ್ಕೊಂಡು ಹೋಗ್ತಿದ್ದ. ‘ಗಂಡು ಮಕ್ಕಳು ನಿಧಾನ, ಮೂರು ವರ್ಷ ಆಗಲಿ’ ಅಂದುಬಿಟ್ಟೆ. ಅವರ ತಾತನೂ ಅದನ್ನೇ ಹೇಳಿದ್ದರಂತೆ. ಡಾಕ್ಟರೂ ತಾತನೂ ಒಂದೇ ಮಾತು ಹೇಳಿದರೆ ಯಾರು ತಾನೇ ನಂಬಲ್ಲ? ಎಂಟು ತಿಂಗಳು ವ್ಯರ್ಥ ಆಯ್ತು. ಆಮೇಲೆ ಆಟಿಸಂ, ಅಂದರೆ ಮಾತು, ಬೇರೆಯವರ ಜೊತೆ ಬೆರೆಯೋದು ಬೇರೆ ಥರ ಬೆಳೆಯೋ ಸ್ಥಿತಿ, ಅಂತ ಗೊತ್ತಾಗಿ ತರಬೇತಿ ಶುರುವಾಯ್ತು. ಆ ಎಂಟು ತಿಂಗಳನ್ನು ಆ ತಂದೆ ನನಗೆ ಒಂದು ಸಲವೂ ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ಚೆನ್ನಾಗಿತ್ತು ಅನ್ಸುತ್ತೆ.

ಅದಾದ ಮೇಲೆ ಗೆರೆ ಎಳೆದುಕೊಂಡೆ. ಒಂದು ವರ್ಷಕ್ಕೆ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಬೆರಳು ತೋರಿಸಿ ‘ಅದು’ ಅನ್ನದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಡ’ ಅಂತ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ಯಾವ ವಯಸ್ಸಲ್ಲೇ ಆಗಲಿ ಹಿಂದಕ್ಕೆ ಹೋದರೆ – ನಾನು ಕಾಯಲ್ಲ. ಕಿವಿ ಪರೀಕ್ಷೆ ಮೊದಲು, ಆಮೇಲೆ ಮುಂದಿನದು. ಮಕ್ಕಳನ್ನು ತಪಾಸಣೆ ಮಾಡೋ ಸರ್ಕಾರದ ತಂಡ ಅಂಗನವಾಡಿಗೇ ಬರುತ್ತೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ, 2013ರಿಂದ ನಡೀತಿದೆ. ಅವರು ಬರೋ ದಿನ ಯಾವುದು ಅಂತ ಟೀಚರಮ್ಮನ್ನ ಕೇಳಿ ಅಂತೀನಿ. ದುಡ್ಡಿಲ್ಲದವರಿಗೆ ಅದು ಒಳ್ಳೇ ದಾರಿ.

ಈಗ ಹೆದರಿಕೆಯ ದಿಕ್ಕೇ ಬದಲಾಗಿದೆ. ಮೊದಲು ಗಾಳಿ, ದೃಷ್ಟಿ ಅಂತ ಬರ್ತಿದ್ದರು. ಈಗ ಮೊಬೈಲಿನಲ್ಲಿ ಅರ್ಧ ನಿಮಿಷದ ರೀಲ್ ನೋಡಿ, ‘ಮೇಡಂ, ಪಾಪು ಖುಷಿಯಾದ್ರೆ ಕೈ ಬಡಿತಾಳೆ, ಆಟಿಸಮ್ಮಾ?’ ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜ್. ಖುಷಿಗೆ ಕೈ ಬಡಿಯೋ ಮಗು ಹೆಸರು ಕರೆದರೆ ನಿಲ್ಲಿಸಿ ನಿಮ್ಮನ್ನ ನೋಡುತ್ತೆ, ನಗುತ್ತೆ, ನೀವೂ ಬಡೀರಿ ಅನ್ನುತ್ತೆ. ಬರೀ ಕೈ ಬಡಿಯೋದರಿಂದ, ಬರೀ ಓಲಾಡೋದರಿಂದ ಯಾವುದೂ ತೀರ್ಮಾನ ಆಗಲ್ಲ.

ಸಣ್ಣ ಸಣ್ಣ ಕಾರಣಗಳೂ ಇರ್ತಾವೆ. ಇದ್ದಕ್ಕಿದ್ದಂತೆ ಒಂದೇ ಕಡೆಗೆ ತಲೆ ಬಡಿದುಕೊಳ್ಳೋಕೆ ಶುರು ಮಾಡಿದರೆ ಕಿವಿಯೊಳಗೆ ಬೆಳಕು ಬಿಟ್ಟು ನೋಡ್ತೀನಿ, ಎಷ್ಟೋ ಸಲ ಪೊರೆ ಕೆಂಪಾಗಿರುತ್ತೆ. ಗೋಡೆಯ ಸುಣ್ಣ ಕೆರೆದು ತಿನ್ನೋ, ಮಣ್ಣು ತಿನ್ನೋ ಮಗುವಾದರೆ ಮೊದಲು ರಕ್ತ ಪರೀಕ್ಷೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಮನೆಯಲ್ಲೇ ಹಸು ಇರೋರಲ್ಲಿ ಇನ್ನೊಂದು ನೋಡ್ತೀನಿ: ಮಗು ಊಟ ಮಾಡಲ್ಲ ಅಂತ ದಿನಕ್ಕೆ ಲೀಟರ್ ಹಾಲು ಕುಡಿಸ್ತಾರೆ. ಹಾಲಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅಂಥ ಒಂದು ಮಗುವಿಗೆ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಹಾಲು ಅರ್ಧ ಲೀಟರಿಗೆ ಇಳಿಸಿ, ಕಬ್ಬಿಣದ ಸಿರಪ್ ಕೊಟ್ಟ ಮೇಲೆ ಸುಣ್ಣ ಬಿಟ್ಟಿತು, ರಾತ್ರಿ ಒದ್ದಾಟವೂ ಕಮ್ಮಿಯಾಯ್ತು.

ಚೀಟಿಯ ಕೊನೆಯಲ್ಲಿ ಈಗ ಔಷಧಿ ಇಲ್ಲದಿದ್ದರೂ ಎರಡು ಸಾಲು ಬರೀತೀನಿ. ಒಂದು, ನಾವು ಏನು ನೋಡಿದೆವು ಅನ್ನೋದು, ಕನ್ನಡದಲ್ಲಿ, ಮನೆಯಲ್ಲಿ ಯಾರಾದರೂ ಓದೋ ಹಾಗೆ: ‘ಮಲಗುವಾಗ 10 ನಿಮಿಷ ಓಲಾಡುತ್ತಾನೆ. ಕರೆದರೆ ನೋಡುತ್ತಾನೆ. ಆಟ, ಮಾತು ವಯಸ್ಸಿಗೆ ಸರಿಯಾಗಿದೆ.’ ಚೀಟಿ ನೋಡಿ ಅತ್ತೆಯ ಬಾಯಿ, ಪಕ್ಕದ ಮನೆಯವರ ಬಾಯಿ ಸ್ವಲ್ಪ ಮುಚ್ಚುತ್ತೆ. ಎರಡು, ಮತ್ತೆ ಬರಬೇಕಾದ ತಾರೀಖು. ‘ತೊಂದರೆ ಆದರೆ ಬನ್ನಿ’ ಅಂತ ಬರೆಯಲ್ಲ. ಅದನ್ನು ಓದಿದವರು ದಿನಾ ರಾತ್ರಿ ಇದು ತೊಂದರೆಯೋ ಅಲ್ವೋ ಅಂತ ಕೂತು ಯೋಚಿಸ್ತಾರೆ. ತಾರೀಖು ಬರೆದರೆ ಆ ದಿನದವರೆಗೆ ಯೋಚನೆ ನನ್ನದು.

ದಿಬ್ಬೂರಹಳ್ಳಿ ಕಡೆಯ ಆ ಮನೆಗೆ ಹೋದ ವರ್ಷ ಹೋಗಿದ್ದೆ, ಅಜ್ಜಿಗೆ ಹುಷಾರಿಲ್ಲ ಅಂತ. ಹುಡುಗನಿಗೆ ಆಗ ಆರು ವರ್ಷ, ಚಂದ್ರಿಕೆಯಿಂದ ಗೂಡು ಬಿಡಿಸ್ತಾ ಕೂತಿದ್ದ. ಕೋಣೆಯಲ್ಲಿ ಗೋಣಿತಾಟು ಇರಲಿಲ್ಲ, ಮೊಳೆ ಮಾತ್ರ ಇತ್ತು, ಅದಕ್ಕೆ ಸ್ಕೂಲ್ ಬ್ಯಾಗ್ ನೇತುಹಾಕಿದ್ದರು. ಅದರ ಕೆಳಗೆ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ರೊಟ್ಟಿಯಷ್ಟು ಅಗಲದ ಕಪ್ಪು ಕಲೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಇಳಿದದ್ದು. ‘ಯುಗಾದಿಗೆ ಯುಗಾದಿಗೆ ಸುಣ್ಣ ಹೊಡೀತೀವಿ ಮೇಡಂ, ಎರಡು ತಿಂಗಳಿಗೆ ಮತ್ತೆ ಎದ್ದು ಬರುತ್ತೆ’ ಅಂದಳು ತಾಯಿ. ಹುಡುಗನನ್ನು ಕರೆದು ‘ಇದೇನೋ ಇದು?’ ಅಂದೆ. ಅವನಿಗೆ ಗೊತ್ತಿರಲಿಲ್ಲ.